ಹೊಂಡದ ಬೀದಿಗೆ ಮೆಕ್ಕೆಜೋಳದ ಗೇಟು

ಭಾನುವಾರ ಮಧ್ಯಾಹ್ನದ ಬಸ್ಸು ಹೊಂಡದ ಬೀದಿಯೊಳಗೆ ಮೂತಿ ತೂರಿಸಿ ನಿಂತದ್ದು ನಿಂತೇಬಿಟ್ಟಿತು. ಮುಂದೆ ಕಾರು, ಹಿಂದೆ ಕಾರು, ಚರಂಡಿಯ ಚಪ್ಪಡಿಯ ಮೇಲೂ ಒಂದು ಕಾರು. ಸಂತೇಬೆನ್ನೂರಿನ ಪುಷ್ಕರಣಿಯನ್ನು ಊರವರು ಹೊಂಡ ಎಂದೇ ಕರೆಯುವುದು. ಅದರ ನಡುವಿನ ಮಂಟಪವನ್ನು ಬೆನ್ನಿಗಿಟ್ಟುಕೊಂಡು ವಿಡಿಯೊ ಮಾಡಿ ಫೋನಿಗೆ ಹಾಕುವ ಹುಚ್ಚು ಜನಕ್ಕೆ ಹತ್ತಿದ ಮೇಲೆ, ರಜೆ ಬಂತೆಂದರೆ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ಗಾಡಿಗಳೆಲ್ಲ ಇಲ್ಲಿಗೇ ಬರತೊಡಗಿದವು. ಬಂದವರು ಬರಲಿ, ಬೇಡ ಅನ್ನುವವರು ಯಾರು? ಆದರೆ ಒಬ್ಬೊಬ್ಬರಿಗೂ ಮೆಟ್ಟಿಲ ಬುಡದಲ್ಲೇ ಕಾರು ನಿಲ್ಲಬೇಕು. ಕಾರಿನಿಂದ ಕಾಲು ಕೆಳಗಿಟ್ಟರೆ ನೀರು ಕಾಣಬೇಕು.

ಬಸ್ಸಿನ ಮೆಟ್ಟಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಸವರಾಜ್ ಇಳಿದು, ಬೀದಿಯಲ್ಲಿ ನಿಂತು ನೋಡುತ್ತಿದ್ದ ಹುಲಿಗೆಮ್ಮನ ಹತ್ತಿರ ಬಂದ. ಹುಲಿಗೆಮ್ಮ ಆ ವಾರ್ಡಿನ ಪಂಚಾಯಿತಿ ಮೆಂಬರು.

"ಅಕ್ಕಾ, ಓನರ್ ಫೋನ್ ಮಾಡಿದ್ರು. ಮುಂದಿನ ಭಾನುವಾರನೂ ಹಿಂಗೇ ಸಿಕ್ಕಂಡ್ರೆ ಬಸ್ಸು ಊರೊಳಗೆ ಬರಲ್ಲ. ಮೇನ್ ರೋಡಿನ ಕ್ರಾಸ್‌ನಾಗೆ ಇಳಿಸಿ ತಿರುಗಿಸ್ಕೊಂಡು ಹೋಗಾದೇ."

"ಭಾನುವಾರ ಒಂದಿನವೇನೋ?"

"ದಿನಾಲೂ. ಅವ್ರಿಗೂ ಒಂದು ನೆಪ ಬೇಕಾಗೈತೆ."

ಹೊಂಡದ ಬೀದಿ ದಾಟಿ ಆಚೆ ಕೊನೆಯಲ್ಲಿರುವುದು ಹುಲಿಗೆಮ್ಮನ ಕೇರಿ. ಮೊದಲೆಲ್ಲ ಬಸ್ಸು ಮೇನ್ ರೋಡಿನಲ್ಲೇ ತಿರುಗುತ್ತಿತ್ತು. ಮಂಡಿನೋವಿನ ಮುದುಕಿಯರು, ಗೊಬ್ಬರದ ಚೀಲ ಹೊತ್ತವರು, ಚನ್ನಗಿರಿ ಕಾಲೇಜಿನಿಂದ ಕತ್ತಲಾದ ಮೇಲೆ ಬರುವ ಹುಡುಗಿಯರು ಎಲ್ಲರೂ ಅಲ್ಲಿಂದ ನಡೆಯಬೇಕಿತ್ತು. ಆ ಬಸ್ಸನ್ನು ಕೇರಿಯವರೆಗೆ ತರಿಸಲು ಹುಲಿಗೆಮ್ಮ ಸವೆಸಿದ ಚಪ್ಪಲಿ ಒಂದೆರಡಲ್ಲ. ಕಡೆಗೊಂದು ದಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಸ್ಸಿನ ಮುಂದೆಯೇ ಕೂತಿದ್ದಳು. ಆಮೇಲೆ ಬಂತು ಬಸ್ಸು. ಈಗ ಯಾರದೋ ಫೋಟೊ ಗೀಳಿಗೆ ಅದು ಹೋಗಬೇಕೆ?

"ಓನರ್‌ಗೆ ಹೇಳು, ಮುಂದಿನ ಭಾನುವಾರ ಬೀದಿ ಖಾಲಿ ಇರ್ತೈತೆ ಅಂತ," ಅಂದಳು.

"ಹೆಂಗೆ ಖಾಲಿ ಮಾಡ್ತೀಯಕ್ಕ?"

"ಅದು ನನಗೂ ಗೊತ್ತಿಲ್ಲ. ನೀನು ಹೇಳು ಹೋಗು."

ಕಾರುಗಳನ್ನು ಎಲ್ಲಿ ನಿಲ್ಲಿಸುವುದು ಎನ್ನುವುದು ದೊಡ್ಡ ವಿಷಯವಾಗಿರಲಿಲ್ಲ. ಊರ ಬಾಯಲ್ಲೇ ಸಂತೆ ಮೈದಾನ ಇದೆ, ಸಂತೆ ಇಲ್ಲದ ದಿನ ಖಾಲಿ ಹೊಡೆಯುತ್ತದೆ. ಅಲ್ಲಿ ಕಾರು ಬಿಟ್ಟು ಆಟೊದಲ್ಲಿ ಹೊಂಡಕ್ಕೆ ಬರಲಿ. ಪಂಚಾಯಿತಿಯವರು ತಲೆಯಾಡಿಸಿ ಒಂದು ಬೋರ್ಡು ಬರೆಸಿ ನಿಲ್ಲಿಸಿದರು. ಆಟೊ ಓಡಿಸುವ ಕಲ್ಲೇಶ್ ಮಾತ್ರ ಆ ಬೋರ್ಡನ್ನು ನೋಡಿ ನಕ್ಕುಬಿಟ್ಟ.

"ಹುಲಿಗೆಮ್ಮಕ್ಕ, ಬೋರ್ಡಿಗೆ ಯಾರು ಹೆದರ್ತಾರೆ? ಹೋದ ವರ್ಷ ಡ್ರಮ್ಮು ಅಡ್ಡ ಇಟ್ಟಿದ್ರಲ್ಲ, ಕಾರಿನೋರು ಇಳಿದು ಅದನ್ನೇ ತಳ್ಳಿ ಒಳಗೆ ಬಂದ್ರು. ಡ್ರಮ್ಮಿನ ಮೇಲೆ ಕೂತು ಫೋಟೊ ಬೇರೆ ತೆಗೆಸ್ಕೊಂಡ್ರು!"

"ಮತ್ತೆ ಯಾವುದಕ್ಕೆ ಹೆದರ್ತಾರೋ?"

"ದೇವ್ರಾಣೆ ಗೊತ್ತಿಲ್ಲ."

ಆ ಯಾವುದು ಅನ್ನುವುದು ಹುಲಿಗೆಮ್ಮನಿಗೆ ಮಾರನೆಯ ದಿನ ಕ್ರಾಸಿನಿಂದ ನಡೆದು ಬರುವಾಗ ಕಂಡಿತು. ಮೆಕ್ಕೆಜೋಳ ಮುರಿದ ಕಾಲ. ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಹಿಂದಿನಿಂದ ಹಾರನ್ ಹೊಡೆಯುತ್ತ ನುಗ್ಗಿ ಬಂದ ಕಾರೊಂದು ಆ ಕಾಳು ಕಂಡದ್ದೇ ಮೆತ್ತಗಾಯಿತು, ಮಣ್ಣಿಗಿಳಿದು, ಸುತ್ತು ಹಾಕಿ ಹೋಯಿತು. ತಿನ್ನುವ ಕಾಳಿನ ಮೇಲೆ ಚಕ್ರ ಹತ್ತಿಸಲು ಯಾರಿಗೂ ಮನಸ್ಸು ಬಾರದು. ಹುಲಿಗೆಮ್ಮ ನಡುರಸ್ತೆಯಲ್ಲೇ ನಿಂತು ನಕ್ಕಳು.

ಹೊಂಡದ ಬೀದಿಯ ಮೊದಲ ಮನೆ ದಾಸಪ್ಪನದು. ಅವನ ಜೋಳ ಒಣಗುವುದು ಅಲ್ಲೇ. ಅವಳು ಹೋಗಿ ವಿಷಯ ಬಿಡಿಸಿ ಹೇಳಿದಳು: ಬೀದಿಯ ಬಾಯಿಗೆ ತಾಡಪಾಲು ಹಾಸಿ ಅದರ ಮೇಲೆ ತೆಳ್ಳಗೆ ಜೋಳ ಹರವಬೇಕು. ಒಂದು ಪಕ್ಕ ಆಟೊ ನುಸುಳುವಷ್ಟು ಜಾಗ ಬಿಡಬೇಕು, ಕಾರು ನುಸುಳಬಾರದು. ಬಸ್ಸು ಬಂದಾಗ ತಾಡಪಾಲಿನ ತುದಿ ಹಿಡಿದು ಬದಿಗೆಳೆದರೆ ಆಯಿತು.

ದಾಸಪ್ಪ ಎಲೆಯಡಿಕೆ ಉಗುಳಿ ಬಂದು ಕೇಳಿದ: "ಅಲ್ಲ ಮೆಂಬರಮ್ಮ, ಹೋದ ವರ್ಷ ರಸ್ತೆ ಮೇಲೆ ಒಕ್ಕಣೆ ಮಾಡಬ್ಯಾಡ್ರಿ ಅಂತ ಟಾಂಟಾಂ ಹೊಡೆಸಿದೋರು ನೀವೇ ಅಲ್ವಾ?"

"ಹೌದಣ್ಣ. ಮೇನ್ ರೋಡಿನಾಗೆ ಈಗಲೂ ಬ್ಯಾಡ ಅಂತೀನಿ. ಇದು ಬೀದಿ, ನಾನೇ ನಿಂತು ಹಾಕಿಸ್ತೀನಿ."

"ಆಗ್ಲಿ ಬಿಡು. ಭಾನುವಾರ ಬೆಳಗ್ಗೆ ಹಾಕಿರ್ತೀನಿ. ಮಾತು ಅಂದ್ರೆ ಮಾತು."

ಭಾನುವಾರ ಬೆಳಗ್ಗೆ ಹುಲಿಗೆಮ್ಮ ಸಂತೆ ಮೈದಾನದಲ್ಲಿ ನಿಂತು ಕಾರುಗಳಿಗೆ ಕೈ ಅಡ್ಡ ಹಾಕಿದಳು. ಕೆಲವರು ಮಾತು ಕೇಳಿ ನಿಲ್ಲಿಸಿದರು. ಉಳಿದವರು ಕಿಟಕಿ ಏರಿಸಿ ಮುಂದೆ ಹೋದರು. ಹೋಗಲಿ, ಬೀದಿಯ ಬಾಯಲ್ಲಿ ಜೋಳ ನೋಡಿ ತಿರುಗಿ ಬರುತ್ತಾರೆ ಎಂದುಕೊಂಡಳು. ಬಿಸಿಲೇರಿದರೂ ಒಬ್ಬರೂ ತಿರುಗಿ ಬರಲಿಲ್ಲ. ಬಂದವನು ಕಲ್ಲೇಶ್.

"ಅಕ್ಕಾ, ಬೀದಿ ತುಂಬಿ ತುಳುಕ್ತೈತೆ. ನನ್ನ ಆಟೊನೇ ಹೊರಗೆ ಬರಾಕೆ ಒದ್ದಾಡ್ತು."

"ಜೋಳ ಹಾಕಿಲ್ವೇನೋ?"

"ನೀನೇ ಬಂದು ನೋಡು ನಿನ್ನ ದಾಸಪ್ಪಣ್ಣನ್ನ!"

ಹೋಗಿ ನೋಡಿದರೆ, ಬೀದಿಯ ಬಾಯಿಗೆ ಮೊಣಕಾಲೆತ್ತರಕ್ಕೆ ಹುರುಳಿ ಗಿಡ ಹಾಸಿದೆ. ದಾಸಪ್ಪ ತಲೆಗೆ ಟವೆಲ್ಲು ಸುತ್ತಿ, ಎರಡೂ ಕೈ ಬೀಸಿ ಕಾರುಗಳನ್ನು ಕರೆಯುತ್ತಿದ್ದಾನೆ!

"ಬರ್ರಿ, ಬರ್ರಿ! ಮೇಲೆ ಹತ್ತಿಸ್ರಿ! ಏ ತಮ್ಮ, ಆ ಕಡೆ ಚಕ್ರ ಬೀಳಲಿಲ್ಲ ನೋಡು, ಸ್ವಲ್ಪ ಎಡಕ್ಕೆ!"

ಕಾರಿನವರಿಗೋ ಖುಷಿಯೋ ಖುಷಿ. ಗಿಡ ಚಟಪಟ ಅನ್ನುವುದನ್ನು ವಿಡಿಯೊ ಮಾಡಿಕೊಳ್ಳುತ್ತ ಒಳಗೆ ಹೋಗುತ್ತಿದ್ದರು.

"ದಾಸಪ್ಪಣ್ಣಾ! ಏನ್ರೀ ಇದು?"

"ಜೋಳ ನಿನ್ನೆ ವ್ಯಾಪಾರಿ ತುಂಬ್ಕೊಂಡು ಹೋದ ಕಣಮ್ಮ. ಮಾತು ಕೊಟ್ಟೀನಲ್ಲ, ಖಾಲಿ ಬಿಡಬಾರ್ದು ಅಂತ ಹುರುಳಿ ಹಾಕಿದೆ."

"ಹುರುಳಿ ಹಾಕಿದ್ರೆ ಗಾಡಿ ನಿಲ್ತಾವೇನ್ರೀ?"

"ನಿಂತ್ರೆ ಕಾಳು ಹೆಂಗೆ ಉದುರ್ತೈತೆ? ಗಾಡಿ ಹತ್ತಲಿ ಅಂತಲ್ವಾ ಹುರುಳಿ ಹಾಕಾದು..." ಅಂದವನು ಒಳಗೆ ಹೋದ ಕಾರುಗಳ ಕಡೆ ತಿರುಗಿ ನೋಡಿದ. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು."

ಬಯ್ಯುವುದಕ್ಕೆ ಹುಲಿಗೆಮ್ಮನ ಬಾಯಲ್ಲಿ ಬೇಕಾದಷ್ಟಿತ್ತು, ಹೊತ್ತು ಇರಲಿಲ್ಲ. ಮಧ್ಯಾಹ್ನದ ಬಸ್ಸು ಇನ್ನೇನು ಚನ್ನಗಿರಿ ಬಿಡುತ್ತದೆ.

"ನೀವೇ ಒಳಗೆ ಬಿಟ್ಟಿದ್ದು, ನೀವೇ ಹೊರಗೆ ಕಳಿಸ್ರಿ. ಒಂದೊಂದೇ ಕಾರು. ಮೈದಾನದಾಗೆ ನಿಲ್ಲಿಸಿದ್ರೆ ಕಲ್ಲೇಶ ವಾಪಸ್ ಕರ್ಕೊಂಡು ಬರ್ತಾನೆ ಅನ್ರಿ. ಮೊದಲು ಈ ಗಿಡ ಎತ್ತಿಸ್ರಿ," ಎಂದವಳೇ ಕೇರಿಯ ಕಡೆ ಸೆರಗು ಬಿಗಿದು ಓಡಿದಳು.

ಕೇರಿಯ ಅಂಗಳಗಳಲ್ಲಿ ಜೋಳ ಒಣಗುತ್ತಿತ್ತು. ಕೆಲವರದು ಸ್ವಂತ ತುಂಡು ಹೊಲದ್ದು, ಕೆಲವರದು ಮುರಿಯಲು ಹೋದಲ್ಲಿ ಕೂಲಿಯಾಗಿ ಬಂದದ್ದು. ಅವಳ ಮಾತು ಕೇಳಿ, ಅಂಗಳದಲ್ಲಿ ಕೂತು ಕಾಳು ಕೇರುತ್ತಿದ್ದ ಕೊಲ್ಲಾಪುರಮ್ಮ ಮೊರ ಕೆಳಗಿಟ್ಟಳು.

"ಅಲ್ಲ ಕಣೇ, ನಮ್ಮ ಕಾಳು ಹೊತ್ಕೊಂಡೋಗಿ ಕಾರಿನ ಮುಂದೆ ಹಾಕಾದಾ? ದಾಸಪ್ಪನಿಗೆ ಹೋದ್ರೆ ಒಂದು ಮೂಟೆ. ನಮಗೆ ಹೋದ್ರೆ ವರ್ಷದ್ದು."

"ಒಂದು ಕಾಳು ನುಚ್ಚಾದ್ರೆ ನನ್ನ ಮನೇದು ಅಳೆದು ಕೊಡ್ತೀನಿ. ಬಸ್ಸು ಹೋದ್ರೆ ಯಾರ ಮನೇದು ಅಳೆದು ಕೊಡ್ಲಿ, ಹೇಳು?"

ಕೊಲ್ಲಾಪುರಮ್ಮ ಮಂಡಿಗೆ ಕೈಕೊಟ್ಟು ಎದ್ದು, "ತಾಡಪಾಲು ತಗೀರೇ," ಎಂದು ಪಕ್ಕದ ಮನೆಗಳಿಗೆ ಕೂಗಿದಳು.

ಇತ್ತ ದಾಸಪ್ಪ ಮಾಡಿದ ತಪ್ಪಿಗೆ ದುಪ್ಪಟ್ಟು ದುಡಿಯುತ್ತಿದ್ದ. ತನ್ನ ಹುರುಳಿ ತುಳಿದ ಕಾರು ಯಾವುದೆಂದು ಅವನಿಗೆ ಒಂದೊಂದೂ ನೆನಪು. ಹೊಂಡದ ಮೆಟ್ಟಿಲ ಮೇಲೆ ನಿಂತು, "ನೀಲಿ ಕಾರಿನೋರು ಯಾರ್ರೀ? ಗಿಣಿ ಗೊಂಬೆ ನೇತಾಕಿರೋ ಕಾರು ಯಾರ್ದು? ಏಳ್ರಪ್ಪ, ನಾನೇ ಕರೆದೆ, ನಾನೇ ಕಳಿಸ್ತಾ ಇದೀನಿ, ಬೇಜಾರು ಮಾಡ್ಕಬ್ಯಾಡ್ರಿ!" ಎಂದು ಕೂಗುತ್ತಿದ್ದ. ಗೊಣಗಿದವರಿದ್ದರು, ನಕ್ಕವರೂ ಇದ್ದರು. ಅಂತೂ ಎದ್ದರು. ಅಷ್ಟರಲ್ಲಿ ಹುರುಳಿ ಎತ್ತಿದ್ದ ಬೀದಿಯ ಬಾಯಿಗೆ ಕೇರಿಯ ಹೆಂಗಸರು ತಾಡಪಾಲು ಹಾಸಿ ಜೋಳ ಹರವಿದ್ದರು; ಅದನ್ನು ಎಳೆದು ಹೊರಹೋಗುವವರಿಗೆ ದಾರಿ ಬಿಟ್ಟರು, ಮತ್ತೆ ಮುಚ್ಚಿದರು.

ಬೀದಿ ಖಾಲಿಯಾಗುವಷ್ಟರಲ್ಲಿ ದೊಡ್ಡದೊಂದು ಬಿಳಿ ಗಾಡಿ ಬಂದು ಜೋಳದ ಅಂಚಿಗೆ ನಿಂತಿತು. ಹಾರನ್ ಹೊಡೆಯಿತು. ಒಬ್ಬರೂ ಅಲುಗಲಿಲ್ಲ. ಕಪ್ಪು ಕನ್ನಡಕದವನು ಇಳಿದ.

"ಅಮ್ಮ, ಇದನ್ನ ತೆಗೀರಿ. ರಸ್ತೆ ನಿಮ್ಮಪ್ಪಂದಾ?"

"ರಸ್ತೆ ಎಲ್ರುದೂ ಕಣಪ್ಪ. ಕಾಳು ನಮ್ದು," ಅಂದಳು ಹುಲಿಗೆಮ್ಮ. "ಗಾಡಿಗೆ ಜಾಗ ಅಲ್ಲೈತೆ. ನಿಮ್ಮನ್ನ ಕರ್ಕೊಂಡು ಬರಾಕೆ ಆಟೊ ಐತೆ."

"ಹತ್ತಿಸಿಕೊಂಡು ಹೋದ್ರೆ ಏನು ಮಾಡ್ತೀರಿ?"

ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕಕ್ಕೆ ಸರಿದು ನಿಂತಳು. "ಏನೂ ಮಾಡಲ್ಲ. ಹತ್ತಿಸ್ರಿ. ರೊಟ್ಟಿ ತಿನ್ನೋ ಕೈನಾಗೆ ಸ್ಟೇರಿಂಗ್ ಹಿಡಿದೀರಿ, ಹತ್ತಿಸ್ರಿ ನೋಡೋಣ."

ಕೊಲ್ಲಾಪುರಮ್ಮ ತನ್ನ ಕಾಳನ್ನೇ ನೋಡುತ್ತಿದ್ದಳು. ಅವನು ಗಾಡಿ ಹತ್ತಿ ಬಾಗಿಲನ್ನು ಧಡ್ ಎಂದು ಹಾಕಿದ. ಎಂಜಿನ್ ಗುರ್ ಅಂದಿತು. ಚಕ್ರ ಒಂದು ಗೇಣು ಮುಂದೆ ಬಂತು. ಒಳಗೆ ಕೂತಿದ್ದ ಮುದುಕಿಯೊಬ್ಬಳು ಅವನ ಭುಜಕ್ಕೆ ಪಟೀರನೆ ಹೊಡೆದದ್ದು ಗಾಜಿನಾಚೆ ಎಲ್ಲರಿಗೂ ಕಂಡಿತು. ಗಾಡಿ ಹಿಂದಕ್ಕೆ ಸರಿಯಿತು, ತಿರುಗಿತು, ಮೈದಾನದ ಕಡೆ ಹೋಯಿತು.

"ಆ ಅಜ್ಜಿನ ಮೊದಲು ಕರ್ಕೊಂಡು ಬಾರೋ, ಕಲ್ಲೇಶಾ," ಅಂದಳು ಹುಲಿಗೆಮ್ಮ.

ಬಸ್ಸು ಬಂದು ಜೋಳದ ಮುಂದೆ ಗಕ್ಕನೆ ನಿಂತಿತು. ಬಸವರಾಜ್ ಬಾಗಿಲಿನಿಂದಲೇ ಕೂಗಿದ: "ಇದೇನಕ್ಕ ಇದು? ತುಳ್ಕೊಂಡೇ ಹೋಗಾದಾ?"

"ತುಳಿದು ನೋಡು, ನಿನ್ನ ಕಾಲು ಮುರೀತೀನಿ! ಎಳೀರೇ!"

ಹೆಂಗಸರು ತುದಿ ಹಿಡಿದು ಎಳೆದರು. ಬಸ್ಸು ಖಾಲಿ ಬೀದಿಯಲ್ಲಿ ಹೊಂಡದ ಪಕ್ಕದಿಂದ ಸರಾಗವಾಗಿ ಸಾಗಿ ಕೇರಿ ತಲುಪಿತು, ಜನರನ್ನು ಇಳಿಸಿ, ತಿರುಗಿಕೊಂಡು ಬಂತು.

"ಓನರ್‌ಗೆ ಏನಂತ ಹೇಳ್ಲಿ?" ಎಂದ ಬಸವರಾಜ್.

"ಕೇರಿಗೆ ಹೋಗಿ ಬಂದ್ವಿ ಅಂತ ಹೇಳು. ನಾಳೆನೂ ಹೋಗ್ತೀವಿ, ಮುಂದಿನ ಭಾನುವಾರನೂ ಹೋಗ್ತೀವಿ ಅಂತ ಹೇಳು."

"ಜೋಳ ಒಣಗಿ ಮುಗಿದ ಮೇಲೆ?"

"ಶೇಂಗಾ ಐತೆ, ರಾಗಿ ಐತೆ, ಏನೂ ಇಲ್ದಿದ್ರೆ ಹಪ್ಪಳ ಹಾಕ್ತೀವಿ. ನೀನು ಹೊರಡು, ಹಿಂದೆ ಯಾವುದೋ ಕಾರು ಬರ್ತೈತೆ."

ಬಸ್ಸು ದಾಟಿದ್ದೇ ತಾಡಪಾಲು ಮತ್ತೆ ಅಡ್ಡ ಬಂತು. ಎಳೆದಾಟದಲ್ಲಿ ಒಂದೇ ಕಡೆ ಗುಡ್ಡೆಯಾಗಿದ್ದ ಕಾಳಿನೊಳಗೆ ಹುಲಿಗೆಮ್ಮ ಚಪ್ಪಲಿ ಬಿಟ್ಟು ಇಳಿದಳು. ಪಾದ ಎಳೆಯುತ್ತ, ಸಾಲು ಹೊಡೆಯುತ್ತ, ಬೀದಿಯ ಈ ಗೋಡೆಯಿಂದ ಆ ಗೋಡೆಯ ಕಡೆಗೆ ಹರವುತ್ತ ಹೊರಟಳು.