ಮೂರು ತಿಂಗಳ ಫಿಲ್ಟರ್

ಸಿಗರೇಟು ಸೇದಿ ಶ್ವಾಸಕೋಶ ಹಾಳುಮಾಡಿಕೊಂಡಿದ್ದಾನೆ ಎಂದು ಕಲ್ಲುಪುಡಿ ಕಾರ್ಖಾನೆಯ ಡಾಕ್ಟರು ಬರೆದುಕೊಟ್ಟರು. ಹೋದ ತಿಂಗಳು ಕಾರ್ಖಾನೆ ಅವನನ್ನು ಕೆಲಸದಿಂದ ತೆಗೆಯಿತು. ಹನ್ನೊಂದು ವರ್ಷ ಅಲ್ಲಿ ದುಡಿದ ಅವನು ಒಂದು ದಿನವೂ ಸಿಗರೇಟು ಸೇದಿರಲಿಲ್ಲ.

ನಾಳೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ಹೋಗಲು ಬೈಕು ಬೇಕು. ಬೈಕು ಹತ್ತು ಮಾರು ಓಡಿ ನಿಂತುಬಿಡುತ್ತಿತ್ತು. ಬಗ್ಗಿದರೆ ಅವನಿಗೆ ಕೆಮ್ಮು. ಹೆಂಡತಿಯೇ ಬಾಗಿಲ ಮುಂದೆ ಕೂತು, ಪಕ್ಕದ ಕವರ್ ಕಳಚಿ, ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಫಿಲ್ಟರ್ ಪೆಟ್ಟಿಗೆಯ ಐದು ಸ್ಕ್ರೂ ಬಿಚ್ಚಿದಳು. ಮೆಟ್ಟಿಲ ಮೇಲೆ ಕೂತ ಅವನು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡ.

"ಅದಕ್ಕೂ ನನ್ನದೇ ಕಾಯಿಲೆ ನೋಡು," ಎಂದ.

"ಅದಕ್ಕೆ ಹೊಸ ಫಿಲ್ಟರ್ ಸಿಗತ್ತೆ. ನಿಮಗೆಲ್ಲಿಂದ ತರ್ಲಿ?"

ಫಿಲ್ಟರ್ ಹೊರಬಂತು. ಕಾಗದದ ಮಡಿಕೆಗಳು ಕಾಣದಷ್ಟು ಬಿಳಿ ಪುಡಿ ಹಿಟ್ಟಿನ ಹಾಗೆ ಮೆತ್ತಿತ್ತು. ಅಂಚಿನಲ್ಲಿ ಅವಳದೇ ಕೈಬರಹದ ತಾರೀಖು. "ಮೊನ್ನೆ ತಾನೇ ಹಾಕಿದ್ದಲ್ವಾ" ಎಂದು ಗಂಡ ಪ್ರತಿಸಲ ಜಗಳ ತೆಗೆಯುತ್ತಿದ್ದುದರಿಂದ ಹೊಸದು ಹಾಕುವಾಗಲೆಲ್ಲ ತಾರೀಖು ಬರೆಯುವುದು ಅವಳ ರೂಢಿ. ಹಾಕಿ ಮೂರೇ ತಿಂಗಳಾಗಿತ್ತು. ಮನೆಯಿಂದ ಕಾರ್ಖಾನೆಗೆ ಎರಡು ಮೈಲಿ ಡಾಂಬರು ರಸ್ತೆ. ಆಮೇಲೆ ದಿನವಿಡೀ ಕಲ್ಲು ಅರೆಯುವ ಶೆಡ್ಡಿನೊಳಗೇ ಬೈಕು ಓಡಿಸಿ, ಯಂತ್ರದಿಂದ ಯಂತ್ರಕ್ಕೆ ಹೋಗಿ ಪುಡಿಯ ಮಾದರಿ ತರುವುದು ಅವನ ಕೆಲಸವಾಗಿತ್ತು. ಆ ಶೆಡ್ಡಿನ ಮುಂದೆ ಸಾಹೇಬರ ಕಾರಿನ ಗಾಜು ಮಾತ್ರ ಎಂದೂ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಅಣ್ಣ ಬಂದ. ಅದೇ ಕಾರ್ಖಾನೆಯ ಮೇಸ್ತ್ರಿ; ಶೆಡ್ಡಿನಲ್ಲಿ ಧೂಳೇ ಇಲ್ಲವೆಂದು ನಾಳೆ ಸಾಕ್ಷಿ ಹೇಳಬೇಕಾದವನು. ಫಿಲ್ಟರ್ ನೋಡಿ ಅವನ ಮುಖ ಸಪ್ಪಗಾಯಿತು.

"ಏನೇ ಅದು, ದೇವರ ಪ್ರಸಾದದ ಹಾಗೆ ಹಿಡ್ಕೊಂಡು ಕೂತಿದ್ದೀಯ? ಮೆಟ್ಟಿಲಿಗೆ ಕುಟ್ಟಿ ಧೂಳು ಉದುರಿಸು."

"ನಾಳೆ ತಗೊಂಡು ಹೋಗ್ತೀನಿ, ಅಣ್ಣ. ಬೈಕೂ ಸಿಗರೇಟು ಸೇದ್ತಿತ್ತಾ ಅಂತ ನಿಮ್ಮ ಡಾಕ್ಟರನ್ನ ಕೇಳ್ತೀನಿ."

ಗಂಡನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ, ಅಂಗೈಯ ಸ್ಕ್ರೂಗಳು ಮೆಟ್ಟಿಲ ಮೇಲೆ ಚೆಲ್ಲಿದವು. ಅಣ್ಣ ಬಗ್ಗಿ ಒಂದೊಂದಾಗಿ ಹೆಕ್ಕಿದ. ಕೆಮ್ಮುತ್ತಿದ್ದವನ ಮುಖ ನೋಡಲಿಲ್ಲ.

"ನಂಗೂ ಹೊಟ್ಟೆ ಇದೆ ಕಣೇ. ನನ್ನ ಸಾಕ್ಷಿ ಸುಳ್ಳು ಅಂತಾದ್ರೆ ನಾಡಿದ್ದು ನನ್ನನ್ನೂ ಗೇಟಿನಾಚೆ ಹಾಕ್ತಾರೆ. ಭಾವ, ನೀವಾದ್ರೂ ಬುದ್ಧಿ ಹೇಳಿ."

ಗಂಡ ಗೋಡೆಗೆ ಒರಗಿ ಉಸಿರು ಹುಡುಕುತ್ತಿದ್ದ.

"ಹೋಗ್ಲಿ, ಕುಟ್ಟಿಬಿಡೇ," ಎಂದ. "ನನ್ನದಂತೂ ಮುಗೀತು. ಅವನ ಮನೆ ಯಾಕೆ ಹಾಳಾಗ್ಬೇಕು?"

ಅವಳು ಒಳಗಿನಿಂದ ಸ್ಟೀಲ್ ಡಬ್ಬಿ, ಕೊಂಡಿಟ್ಟಿದ್ದ ಹೊಸ ಫಿಲ್ಟರ್ ತಂದಳು. ಹಳೆಯದನ್ನು ಅಲುಗಿಸದೆ ಡಬ್ಬಿಯೊಳಗೆ ಇಳಿಸಿ ಮುಚ್ಚಳ ಒತ್ತಿದಳು. ಹೊಸದರ ಅಂಚಿಗೆ ಇವತ್ತಿನ ತಾರೀಖು ಬರೆದು ಪೆಟ್ಟಿಗೆಯಲ್ಲಿ ಕೂರಿಸಿದಳು. ಅಣ್ಣನ ಮುಂದೆ ಕೈ ಚಾಚಿದಳು.

"ಸ್ಕ್ರೂ ಕೊಡು."

ಅಣ್ಣ ಮುಷ್ಟಿ ಬಿಗಿಮಾಡಿದ. "ಮೊದಲು ಅದನ್ನ ಕುಟ್ಟು."

"ಕುಟ್ಟಲ್ಲ," ಎಂದಳು.