ಕಬ್ಬಾಳಮ್ಮನ ಲಾರಿಯ ಕಿಂಗ್‌ಪಿನ್

ಜಾಕ್ ಮೇಲೆ ನಿಂತಿದ್ದ ಲಾರಿಯ ಮುಂದಿನ ಎಡಚಕ್ರದ ಅಡಿಗೆ ಮೆಕ್ಯಾನಿಕ್ ಮುಕ್ತಿಯಾರ್ ಹಾರೆ ತೂರಿಸಿ ಮೇಲಕ್ಕೆ ಮೀಟಿದ. ಚಕ್ರ ಬೀಳಲಿರುವ ಹಲ್ಲಿನಂತೆ ಅಲುಗಿತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಲಾರಿಯ ಮಾಲೀಕ ಬೀರೇಶ ಬಾಯಿ ಬಿಟ್ಟ.

“ಆರ್ ತಿಂಗ್ಳು ಭಾಯ್, ಬರೀ ಆರ್ ತಿಂಗ್ಳು! ನೀವು ಮಾರ್ಚಲ್ಲಿ ಹಾಕಿದ್ ಬುಷ್ಷು. ನಮ್ಮಪ್ಪನ ಕುರಿ ಗೊರಸೂ ಇಷ್ಟ್ ಬೇಗ ಸವೆಯಾಕಿಲ್ಲ.”

“ನಿಮ್ಮಪ್ಪನ ಕುರಿ ಮೂವತ್ತು ಟನ್ ಕಲ್ಲು ಎಳೀತಾ ಇತ್ತಾ?” ಎಂದ ಮುಕ್ತಿಯಾರ್.

ಅದು ಟ್ರೇಲರ್ ಎಳೆಯುವ ಲಾರಿ. ವಯಸ್ಸು ಹದಿನೈದು. ಹಣೆಯ ಮೇಲೆ ‘ಕಬ್ಬಾಳಮ್ಮ’ ಎಂದು ಹಳದಿ ಅಕ್ಷರ. ನಾಲ್ಕು ವರ್ಷದಿಂದ ಕನಕಪುರದ ಕಡೆಯ ಕ್ವಾರಿಗಳಿಂದ ಬಿಡದಿಯ ಕಾರ್ಖಾನೆಯೊಂದಕ್ಕೆ ಗ್ರಾನೈಟ್ ದಿಮ್ಮಿ ಸಾಗಿಸುತ್ತಿತ್ತು. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊರಳುವುದು ಕಿಂಗ್‌ಪಿನ್ ಎಂಬ ಗೇಣುದ್ದದ ಉಕ್ಕಿನ ಗೂಟದ ಆಧಾರದಲ್ಲಿ. ಆ ಗೂಟಕ್ಕೆ ತೊಡಿಸಿದ ಬಳೆಯೇ ಬುಷ್. ಬಳೆ ಸವೆದರೆ ಸ್ಟೇರಿಂಗ್ ನಡುಗುತ್ತದೆ, ಟೈರು ಒಂದೇ ಅಂಚಿನಲ್ಲಿ ಬೋಳಾಗುತ್ತದೆ. ಬೀರೇಶನ ಲಾರಿಯಲ್ಲಿ ಆರು ತಿಂಗಳಲ್ಲಿ ಇದು ಎರಡನೆಯ ಸಲ.

ಶುಕ್ರವಾರ ಕಾರ್ಖಾನೆಯ ಗೇಟಿನಲ್ಲಿ ಸೂಪರ್‌ವೈಸರ್ ಜಯಕುಮಾರ್ ಇದೇ ಚಕ್ರವನ್ನು ಅಲ್ಲಾಡಿಸಿ ನೋಡಿ ಲಾರಿಯನ್ನು ಹಿಂದಕ್ಕೆ ಕಳಿಸಿದ್ದರು. ಸೋಮವಾರ ಬೆಳಗ್ಗೆ ಎಂಟಕ್ಕೆ ಮತ್ತೆ ನೋಡುತ್ತೇನೆ, ಆಗಲೂ ಚಕ್ರ ಅಲುಗಿದರೆ ನಿಮ್ಮ ಜಾಗಕ್ಕೆ ಬೇರೆ ಗಾಡಿ ಎಂದಿದ್ದರು. ಬೇರೆ ಗಾಡಿಗಳಿಗೇನು ಬರವೇ? ಹೊಸ ಹೊಸ ಟ್ರೇಲರುಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತಿರುತ್ತಿದ್ದವು. ಇವತ್ತು ಭಾನುವಾರ. ರಾಮನಗರದಲ್ಲಿ ಈ ಕೆಲಸವನ್ನು ಭಾನುವಾರ ಒಪ್ಪಿಕೊಂಡವನು ಮುಕ್ತಿಯಾರ್ ಒಬ್ಬನೇ, ಅದೂ ಮಾರ್ಚಿನಲ್ಲಿ ತಾನೇ ಮಾಡಿದ ಕೆಲಸ ಎಂಬ ಮುಲಾಜಿಗೆ.

ಚಕ್ರ ಕಳಚಿದ್ದಾಯಿತು. ಪಿನ್ ಮಾತ್ರ ಕದಲಲಿಲ್ಲ. ಮುಕ್ತಿಯಾರ್ ಸೀಮೆಎಣ್ಣೆ ಬಿಟ್ಟ, ಕಾಯಿಸಿದ, ಸುತ್ತಿಗೆಯಲ್ಲಿ ಬಡಿದ. ಅವನು ಸೋತಾಗ ಬೀರೇಶ ಬಡಿದ. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಏಟು ಜಾರಿ ಬೀರೇಶನ ಹೆಬ್ಬೆರಳಿಗೆ ಬಿತ್ತು. ಅವನು ಸುತ್ತಿಗೆಯನ್ನು ಬಿಸಾಕಿದ.

“ಡೂಪ್ಲಿಕೇಟ್ ಮಾಲು ಹಾಕ್ಬುಟ್ಟಿದೀಯ ನೀನು! ಅದ್ಕೇ ಹಿಂಗಾಗಿರೋದು.”

ಇಷ್ಟು ವರ್ಷದಲ್ಲಿ ಬೀರೇಶ ಅವನನ್ನು ನೀನು ಎಂದದ್ದು ಇದೇ ಮೊದಲು. ಮುಕ್ತಿಯಾರ್ ಎದ್ದು ಒಳಗೆ ಹೋಗಿ, ಮಾರ್ಚಿನ ಬುಷ್ಷಿನ ಖಾಲಿ ಡಬ್ಬಿ ತಂದು ಅವನ ಮುಂದಿಟ್ಟ. ಅದರಲ್ಲಿ ಈಗ ನಟ್ಟುಗಳಿದ್ದವು.

“ಓದ್ಕೊ. ಕಂಪನಿ ಮುದ್ರೆ ಇದೆ.”

“ಡಬ್ಬಿ ಒರಿಜಿನಲ್ಲು. ಒಳಗಿದ್ದಿದ್ದು?”

“ಹಂಗಾದ್ರೆ ತಗೊಂಡು ಹೋಗಪ್ಪ ನಿನ್ ಗಾಡೀನ. ಚನ್ನಪಟ್ಟಣಕ್ಕೆ ಹೋಗು, ಮಾಗಡಿಗೆ ಹೋಗು. ಬಿಸ್ಮಿಲ್ಲಾ ಅಂತ ಹೊರಡು.”

ಮುಂದಿನ ಚಕ್ರ ಇಲ್ಲದೆ ಎಲ್ಲಿಗೆ ಹೊರಡುವುದು? ಬೀರೇಶ ಸುತ್ತಿಗೆ ಎತ್ತಿಕೊಂಡ. ಇಬ್ಬರೂ ಸರದಿಯಲ್ಲಿ ಬಡಿದರು.

ಪಿನ್ ಹೊರಬಂದಾಗ ಒಂದೂವರೆ ಗಂಟೆ. ಮುಕ್ತಿಯಾರ್ ಅದನ್ನು ಬಿಸಿಲಿಗೆ ಹಿಡಿದ. ಖಾರದಪುಡಿಯಲ್ಲಿ ಹೊರಳಿಸಿದಂತೆ ಮೈಯೆಲ್ಲ ಕೆಂಪು ತುಕ್ಕು. ಜಿಡ್ಡಿನ ಪಸೆಯೂ ಇರಲಿಲ್ಲ.

“ಗ್ರೀಸ್ ಹೊಡೆದು ಎಷ್ಟು ದಿನ ಆಯ್ತು?”

“ತಿಂಗ್ಳು ತಿಂಗ್ಳೂ ಹೊಡೀತೀನಿ. ಕಬ್ಬಾಳಮ್ಮನಾಣೆ. ಈಚೆಗೆ ಬರೋಗಂಟ ಹೊಡೀತೀನಿ.”

ಮುಕ್ತಿಯಾರ್ ಗ್ರೀಸ್ ಪಂಪನ್ನು ಅವನ ಕೈಗೆ ಕೊಟ್ಟು, ಇನ್ನೂ ಬಿಚ್ಚದ ಬಲಚಕ್ರವನ್ನು ತೋರಿಸಿದ. “ಹೊಡಿ. ನಾನು ನೋಡ್ತೀನಿ.”

ಬೀರೇಶ ಪಂಪಿನ ಮೂತಿಯನ್ನು ನಿಪ್ಪಲ್ಲಿಗೆ ಒತ್ತಿದ. ಗ್ರೀಸ್ ಒಳಕ್ಕೆ ಹೋಗಲೆಂದು ಕೂರಿಸಿರುವ, ಕಡಲೆಕಾಳಿನಷ್ಟು ಗಾತ್ರದ ತೊಟ್ಟು ಅದು. ಎರಡು ಸಲ ಹಿಡಿ ಅದುಮಿದ್ದೇ ಗ್ರೀಸು ಮೂತಿಯ ಸುತ್ತ ಸುರುಳಿಯಾಗಿ ಹೊರಬಂತು.

“ನೋಡಿ, ತುಂಬ್ತು.”

“ತುಂಬಿದ್ರೆ ಆ ಕೆಳಗಿನ ಸಂದೀಲಿ ಬರಬೇಕು ಕಣಯ್ಯ. ಬಾಯಲ್ಲೇ ಬಂದ್ರೆ ಅದು ವಾಂತಿ. ಒಂದು ತುತ್ತೂ ಹೊಟ್ಟೆಗೆ ಹೋಗಿಲ್ಲ.”

ಮುಕ್ತಿಯಾರ್ ನಿಪ್ಪಲ್ ಬಿಚ್ಚಿ, ಅಂಗೈಯಲ್ಲಿಟ್ಟು, ಮೊಳೆಯಿಂದ ಅದರ ತುದಿ ಕೆರೆದ. ಬೆಳ್ಳಿ ಬಣ್ಣದ ಹಕ್ಕಳೆ ಎದ್ದಿತು. ಅದರ ಕೆಳಗೆ ಇನ್ನೊಂದು ಪದರ. ಅದರ ಕೆಳಗೆ ಮತ್ತೊಂದು. ಕೆರೆದಷ್ಟೂ ಬಣ್ಣ.

ಬೀರೇಶನಿಗೆ ಅದು ಯಾರ ಬಣ್ಣ ಎಂದು ಕೇಳಬೇಕಾಗಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಬೇರೆಯವರು ಲಾರಿ ತೊಳೆದು ಬಾಳೆಕಂದು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಅವನು ಚಾಪೆ ಹಾಸಿಕೊಂಡು ಲಾರಿಯ ಅಡಿಗೆ ತೆವಳಿ, ಅಚ್ಚು, ಸ್ಪ್ರಿಂಗ್ ಪಟ್ಟಿ, ಗೂಟ ಒಂದನ್ನೂ ಬಿಡದೆ ಬೆಳ್ಳಿ ಬಣ್ಣ ಬಳಿಯುತ್ತಿದ್ದ. ದುಡಿಯುವ ಸಾಮಾನಿಗೆ ವರ್ಷಕ್ಕೊಂದು ಸಲವಾದರೂ ಹೊಸಬಟ್ಟೆ ಬೇಡವೇ ಎನ್ನುವುದು ಅವನಪ್ಪ ಕೆಂಪಯ್ಯನ ಮಾತು. ಕಣ್ಣಿಗೆ ಕಾಣುವ ಕಡೆ ಮಾತ್ರ ಬಳಿದರೆ ಕಬ್ಬಾಳಮ್ಮನಿಗೆ ಮೋಸ ಮಾಡಿದಂತೆ ಎಂದು ಬೀರೇಶ ಅದಕ್ಕೆ ಸೇರಿಸಿಕೊಂಡಿದ್ದ. ಒಂದೊಂದು ನಿಪ್ಪಲ್ಲಿಗೂ ಬ್ರಷ್ಷಿನ ತುದಿಯಿಂದ ಎರಡೆರಡು ಸಲ ಮುಟ್ಟಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

“ನಂದೇ ಕೈ ಭಾಯ್,” ಎಂದ. ಸಿಟ್ಟು ಇಳಿದಿರಲಿಲ್ಲ. ಹೋಗಿ ಬೀಳಲು ಬೇರೆ ಜಾಗ ಇಲ್ಲದೆ ಅವನ ಮೇಲೇ ತಿರುಗಿತ್ತು. “ನಾಕ್ ವರ್ಷದಿಂದ ನಾನೇ ಬಾಯಿಗೆ ಬೆಣೆ ಹೊಡ್ದು, ನಾನೇ ಉಣ್ಣು ಉಣ್ಣು ಅಂತಿದ್ದೀನಲ್ಲ, ಥೂ.”

ಮುಕ್ತಿಯಾರ್ ನಗಲಿಲ್ಲ. ನಿಪ್ಪಲ್ಲನ್ನು ಬೆರಳಲ್ಲಿ ಹೊರಳಿಸಿ ನೋಡಿದ.

“ಮಾರ್ಚಲ್ಲಿ ಪಿನ್ ಹೊಸದು ಹಾಕ್ದೆ, ಬುಷ್ ಹೊಸದು ಹಾಕ್ದೆ. ಇದನ್ನ ಮಾತ್ರ ಬಟ್ಟೇಲಿ ಒರೆಸಿ ವಾಪಸ್ ತಿರುವಿದ್ದೆ. ಊದಿ ನೋಡಿದ್ರೆ ಸಾಕಿತ್ತು.” ಎದ್ದು ನಿಂತ. “ಡೂಪ್ಲಿಕೇಟ್ ಅಂದ್ಯಲ್ಲ, ಅದಕ್ಕೆ ಮಾಫಿ ಕೇಳಬೇಡ. ಬಾ, ಇನ್ನೊಂದು ಪಿನ್ ಇದೆ.”

ಬಲಗಡೆಯ ಪಿನ್ನೂ ಹಾಗೇ ಕಾಡಿತು. ಹೊಸ ಬುಷ್ಷುಗಳನ್ನು ಕೂರಿಸಿ, ಮುಕ್ತಿಯಾರ್ ಅವುಗಳ ಒಳಮೈಯನ್ನು ಕೂದಲೆಳೆಯಷ್ಟು ಹೆರೆದು, ಪಿನ್ ಬಿಗಿಯಾಗಿ ಇಳಿಯುವವರೆಗೆ ಹದ ಮಾಡಿದ. ಅಷ್ಟರಲ್ಲಿ ಬೀರೇಶ ಅಡಿಗೆ ತೆವಳಿ ಉಳಿದ ನಿಪ್ಪಲ್ಲುಗಳನ್ನು ಪರೀಕ್ಷಿಸಿದ. ಪಟ್ಟಿಗಳವು, ಬ್ರೇಕಿನವು ಸೇರಿ ಒಟ್ಟು ಇಪ್ಪತ್ತಾರು. ಗ್ರೀಸ್ ಇಳಿಯುತ್ತಿದ್ದದ್ದು ಏಳರಲ್ಲಿ, ಬ್ರಷ್ ಹೋಗದಷ್ಟು ಇಕ್ಕಟ್ಟಿನ ಏಳರಲ್ಲಿ. ಮಿಕ್ಕವುಗಳ ಬಣ್ಣವನ್ನು ಅಚ್ಚಿನ ಮೈಯನ್ನೂ ಸೇರಿಸಿ ಕೆರೆದು ಹಾಕಿದ.

ಹೊತ್ತು ಮುಳುಗುವ ಮುಂಚೆ ಎರಡೂ ಚಕ್ರ ಏರಿದವು. ಹೊಸ ನಿಪ್ಪಲ್ಲಿಗೆ ಪಂಪ್ ಒತ್ತಿದಾಗ ಕೆಳಗಿನ ಸಂದಿಯಿಂದ ಹಳದಿ ಗ್ರೀಸ್ ಎಳೆ ಇಣುಕಿತು. ಆಗ ಮುಕ್ತಿಯಾರ್ ಅವನನ್ನು ಮಾಗಡಿಗೆ ಹೋಗಬಹುದು ಎಂದು ರೇಗಿಸಿದ.

ಸೋಮವಾರ ಎಂಟಕ್ಕೆ ಐದು ನಿಮಿಷ ಇರುವಾಗ ಲಾರಿ ಗೇಟಿನ ಮುಂದೆ ನಿಂತಿತ್ತು. ಜಯಕುಮಾರ್ ಜಾಕ್ ಹಾಕಿಸಿದರು. ತಾವೇ ಹಾರೆ ಹಿಡಿದು ಎಡಚಕ್ರ ಮೀಟಿದರು, ಬಲಚಕ್ರ ಮೀಟಿದರು, ನಂಬಿಕೆ ಸಾಲದೆ ಮತ್ತೆ ಎಡಕ್ಕೆ ಬಂದರು. ಚಕ್ರ ಮಿಸುಕಲಿಲ್ಲ. ಅವರು ಚೀಟಿಗೆ ಸಹಿ ಹಾಕಿದರು. ಚೀಟಿ ಕೊಡುವ ಮುನ್ನ ಬಗ್ಗಿ, ಕೆರೆದು ಗಾಯಗಾಯವಾಗಿದ್ದ ಅಚ್ಚನ್ನು ನೋಡಿ ಮುಖ ಸಿಂಡರಿಸಿದರು.

“ಏನ್ರೀ ಇದು, ಗಜ್ಜಿ ಹತ್ತಿದಂಗಿದೆ. ಆಯುಧಪೂಜೆ ಹತ್ರ ಬಂತು. ಚೆನ್ನಾಗಿ ಒಂದು ಪೇಂಟ್ ಬಳಿಯೋಕೆ ಏನು ಕಷ್ಟ?”

ಬೀರೇಶನ ಹೆಬ್ಬೆರಳು ಇನ್ನೂ ಮಿಡಿಯುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಚೀಟಿಗೆ ಕೈ ಚಾಚಿದ.

“ಬಳೀತೀನಿ ಸಾ. ಒಸಿ ಜಾಗ ಬುಟ್ಟು.”