ಸಿಲವಾರದ ಲೋಟ

ಇವತ್ತಿಗೂ ಯಾರಾದರೂ ಟೀ ಕೊಟ್ಟರೆ ನನ್ನ ಕಣ್ಣು ಮೊದಲು ಹೋಗುವುದು ಲೋಟದ ಮೇಲೆ. ಥೂ, ಈ ಹಾಳು ಚಾಳಿ ಅಂಟಿಸಿದ್ದು ಮದ್ದೂರಿನ ಹತ್ತಿರದ ಕೊಪ್ಪದ ಕಡೆಯ ಒಂದು ಹೈಸ್ಕೂಲು. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ಮುಕ್ಕಳಿಸಬೇಕಾಗುತ್ತದೆ.

ಎಪ್ಪತ್ತನಾಲ್ಕನೇ ಇಸವಿ. ನಾನು ಪುಟ್ಟಮಾದಯ್ಯ, ಮಳವಳ್ಳಿ ಕಡೆಯ ಹೊಲಗೇರಿಯವನು, ಬಿ.ಎ., ಬಿ.ಎಡ್., ಆ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಅವ್ವ ಮಲ್ಲಿಗಮ್ಮ ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುತ್ತಿತ್ತು. ಹೆಡ್ಮಾಸ್ಟರು ಒಳ್ಳೆಯ ವರದಿ ಬರೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. "ಅದೊಂದು ಕಾಯಮ್ಮಾಗೋಗ್ಲಿ ಕಣ್ಲಾ, ಆಮೇಲೆ ಯಾರ್ ತಾವ ಬೇಕಾದ್ರೂ ಜಗಳ ಆಡು" ಎಂದು ಅವ್ವ ಪ್ರತಿ ಭಾನುವಾರ ಹೇಳಿ ಕಳಿಸುತ್ತಿದ್ದಳು.

ಜಗಳಕ್ಕೆ ಕಾರಣ ಬೇಕಾದಷ್ಟಿತ್ತು. ಸ್ಟಾಫ್ ರೂಮಿನ ಕಪಾಟಿನಲ್ಲಿ ಆರು ಸ್ಟೀಲ್ ಲೋಟ. ನನ್ನದು ಕಿಟಕಿಯ ಮೇಲೆ ಬೋರಲು ಹಾಕಿದ, ಸೊಟ್ಟಗಾದ ಸಿಲವಾರದ ಲೋಟ. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಸಿಲವಾರ ಅನ್ನುತ್ತಾರೆ. ಜವಾನ ಚೌಡಯ್ಯ ಅದಕ್ಕೆ ಮೊಳದೆತ್ತರದಿಂದ ಟೀ ಸುರಿಯುತ್ತಿದ್ದ. ಕುಡಿದಾದ ಮೇಲೆ ನಾನೇ ತೊಳೆದು ಮತ್ತೆ ಕಿಟಕಿಯಲ್ಲಿ ಇಡಬೇಕು. ಹೀಗೆ ಮಾಡು ಅಂತ ಯಾರೂ ಹೇಳಲಿಲ್ಲ. ಬಾಯಿಬಿಟ್ಟು ಹೇಳುವ ಯೋಗ್ಯತೆಯೂ ಅವರಿಗಿರಲಿಲ್ಲ. ಎರಡು ವರ್ಷ ಅದರಲ್ಲೇ ಕುಡಿದೆನಲ್ಲ, ನನ್ನನ್ನು ಕಂಡರೆ ನನಗೂ ಹೇಸಿಗೆ.

ಇನ್ಸ್‌ಪೆಕ್ಟರು ಸ್ಕೂಲು ತಪಾಸಣೆಗೆ ಬರುವ ವಾರ ಹೆಡ್ಮಾಸ್ಟರ್ ಯೋಗಾನರಸಿಂಹ ನನ್ನನ್ನು ಕರೆದರು. ಹತ್ತನೇ ಕ್ಲಾಸಿಗೆ ದಕ್ಷಿಣ ಆಫ್ರಿಕಾದ ಪಾಠವಿತ್ತು.

"ಪ್ರೆಜುಡಿಸ್, ಸೆಗ್ರಿಗೇಶನ್, ಡಿಸ್ಕ್ರಿಮಿನೇಶನ್, ಈ ಮೂರನ್ನೂ ಚೆನ್ನಾಗಿ ಉರು ಹೊಡೆಸಿ. ಒಂದೊಂದಕ್ಕೂ ಮಕ್ಕಳು ಸ್ವಂತ ವಾಕ್ಯ ಮಾಡಬೇಕು" ಎಂದರು. ಡಿಕ್ಷನರಿ ತೆಗೆದು ಬೆರಳಿಟ್ಟರು. "ಡಿಸ್ಕ್ರಿಮಿನೇಶನ್ನಿಗೆ ಎರಡು ಅರ್ಥ ಕಣ್ರೀ. ಒಂದು ವಿವೇಚನೆ, ಅಂದರೆ ಒಳ್ಳೇದು ಕೆಟ್ಟದ್ದು ತೂಗಿ ನೋಡೋ ಬುದ್ಧಿ. ಇನ್ನೊಂದು ಭೇದಭಾವ. ಮೊದಲನೇದು ನಮ್ಮಂಥೋರಿಗೆ, ಎರಡನೇದು ಆಫ್ರಿಕಾದ ಬಿಳಿಯರಿಗೆ."

ಹೇಳಿ ಸ್ಟೀಲ್ ಲೋಟ ಎತ್ತಿ ಒಂದು ಗುಟುಕು ಹೀರಿದರು. ನಾಚಿಕೆಗೆಟ್ಟ ಜನ!

ನಾನು ಕಲಿಸಿದೆ. ಪ್ರೆಜುಡಿಸ್ ಅಂದರೆ ಮನುಷ್ಯನನ್ನು ಕಾಣುವ ಮೊದಲೇ ಅವನನ್ನು ಅಳೆದುಬಿಡುವುದು. ಸೆಗ್ರಿಗೇಶನ್ ಅಂದರೆ ದೂರ ಕೂರಿಸುವುದು. ಉದಾಹರಣೆ ಕೊಡುವಾಗ ಮಾತ್ರ ಆಫ್ರಿಕಾದ ರೈಲು, ಆಫ್ರಿಕಾದ ಬೆಂಚು. ಕಿಟಕಿಯ ಲೋಟದ ಸುದ್ದಿ ಎತ್ತಲಿಲ್ಲ. ಹೇಡಿ ಮುಂಡೇದು ನಾನು.

ಶುಕ್ರವಾರ ಇನ್ಸ್‌ಪೆಕ್ಟರು ಬಂದು ಕುರ್ಚಿಯ ತುಂಬ ಕೂತರು. "ಡಿಸ್ಕ್ರಿಮಿನೇಶನ್ ಸೇರಿಸಿ ಒಂದು ವಾಕ್ಯ, ಯಾರು ಹೇಳ್ತೀರಿ?" ಎಂದರು. ಎರಡನೇ ಬೆಂಚಿನಿಂದ ಗೌಡರ ಮನೆಯ ಹುಡುಗಿ ಯಶೋದಮ್ಮ ಎದ್ದಳು.

"ದೇರ್ ಈಸ್ ಡಿಸ್ಕ್ರಿಮಿನೇಶನ್ ಇನ್ ಅವರ್ ಸ್ಕೂಲ್ ಸಾ. ಸ್ಟೀಲ್ ಟಂಬ್ಲರ್ ಫಾರ್ ಆಲ್ ಟೀಚರ್ಸ್. ಸಿಲ್ವರ್ ಟಂಬ್ಲರ್ ಫಾರ್ ಇಂಗ್ಲಿಷ್ ಟೀಚರ್."

ನಾನು ಹೇಳದ್ದನ್ನು ಆ ಹುಡುಗಿ ಹೇಳಿದ್ದಳು. ಆದರೆ ಪಾಪ, ಸಿಲವಾರವನ್ನು ಸಿಲ್ವರ್ ಮಾಡಿಬಿಟ್ಟಿದ್ದಳು. ಬೆಳ್ಳಿ!

ಹೆಡ್ಮಾಸ್ಟರಿಗೆ ಹೋದ ಜೀವ ಬಂತು. "ಕೇಳಿದಿರಾ ಸಾರ್? ನಮಗೆಲ್ಲ ಸ್ಟೀಲು, ಪುಟ್ಟಮಾದಯ್ಯನವರಿಗೆ ಬೆಳ್ಳಿ!"

ಇನ್ಸ್‌ಪೆಕ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಇರಲಿ ಬಿಡಿ, ಇವರ ಕಡೆಯೋರಿಗೆ ಈಗ ಒಳ್ಳೇ ಕಾಲ. ಏನ್ರೀ ಮೇಷ್ಟ್ರೇ, ಬೆಳ್ಳೀ ಲೋಟಾನಾ?"

"ಬೆಳ್ಳಿ ಅಲ್ಲ ಸಾ, ಸಿಲವಾರ..." ಎಂದಳು ಹುಡುಗಿ. "ಕೂತ್ಕೊಳ್ಳೇ ಸಾಕು!" ಎಂದು ಹೆಡ್ಮಾಸ್ಟರು ಗದರಿಸಿ ನನ್ನ ಕಡೆ ತಿರುಗಿದರು. ನನ್ನ ವರದಿ ಇನ್ನೂ ಬರೆದಿಲ್ಲ ಅನ್ನುವುದು ಅವರ ಮುಖದಲ್ಲೇ ಇತ್ತು. ಹೌದು ಸಾರ್ ಅಂದರೆ ಮುಗಿಯಿತು, ಕೆಲಸ ಕಾಯಂ, ಅವ್ವನ ಬೆನ್ನಿಗೆ ಬಿಡುವು. ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಆ ಲೋಟದ ಕಮಟು ಬಾಯಿಗೆ ಬಂತು. ತನ್ನ ವಾಕ್ಯದಲ್ಲಿ ತಪ್ಪೆಲ್ಲಿ ಅಂತ ತಿಳಿಯದೆ ಯಶೋದಮ್ಮ ನನ್ನನ್ನೇ ನೋಡುತ್ತಿದ್ದಳು.

ಬೋರ್ಡಿನ ಮೇಲೆ ಅವಳ ಮಾತು ಬರೆದೆ. ಸಿಲ್ವರ್ ಹೊಡೆದುಹಾಕಿ ಅಲ್ಯುಮಿನಿಯಂ ಎಂದು ತಿದ್ದಿದೆ.

"ಸಿಲವಾರಕ್ಕೆ ಇಂಗ್ಲಿಷಿನಲ್ಲಿ ಹೀಗನ್ನಬೇಕು ಯಶೋದಮ್ಮ. ನೀನು ಹೇಳಿದ ಸಂಗತಿ ಪೂರ್ತಿ ಸರಿ" ಎಂದೆ. ಬಾಗಿಲಲ್ಲಿ ನಿಂತಿದ್ದ ಜವಾನನಿಗೆ, "ಚೌಡಯ್ಯ, ನನ್ನ ಲೋಟ ತಗೊಂಡು ಬಾ, ಇನ್ಸ್‌ಪೆಕ್ಟರು ನೋಡಲಿ" ಎಂದೆ.

ಚೌಡಯ್ಯ ತಲೆ ಕೆರೆದುಕೊಂಡ. "ನಾನ್ಯಾಕ್ ಮುಟ್ಲಿ ಸಾ ಅದ್ನ? ನೀವೇ ಓಗಿ ತಕ್ಕಬನ್ನಿ."

ಇಡೀ ಕ್ಲಾಸು ಕೇಳಿಸಿಕೊಂಡಿತು. ಇನ್ನು ಲೋಟ ತಂದು ತೋರಿಸುವ ಕೆಲಸವೂ ಉಳಿಯಲಿಲ್ಲ.

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, "ಗ್ರಾಮರ್ ಪರವಾಗಿಲ್ಲ" ಎಂದು ಎದ್ದರು. ಆಫೀಸಿನಲ್ಲಿ ಮದ್ದೂರಿನಿಂದ ತರಿಸಿದ ವಡೆ ಕಾದಿತ್ತು. ಅದನ್ನು ಮುರಿದು ತಿನ್ನುತ್ತಾ ಮಳೆ ಬೆಳೆ ಮಾತಾಡಿದರಂತೆ, ಅಸಹ್ಯ!

ತಿಂಗಳಾದ ಮೇಲೆ ಕಾಗದ ಬಂತು. ನನ್ನನ್ನು ಕೆಲಸದಿಂದ ತೆಗೆದಿದ್ದರು. ಜೊತೆಗೆ ಹೆಡ್ಮಾಸ್ಟರ ವರದಿಯ ನಕಲು, ಇಂಗ್ಲಿಷಿನಲ್ಲಿ ಒಂದೇ ಸಾಲು. ಕಾಗದ ಹಿಡಿದು ಊರಿಗೆ ಹೋದೆ. ಅವ್ವ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಏನ್ ಬರ್ದವ್ರೆ, ಓದ್ಲಾ" ಎಂದಳು.

"ಪುಟ್ಟಮಾದಯ್ಯನವರಲ್ಲಿ ಡಿಸ್ಕ್ರಿಮಿನೇಶನ್ ಅನ್ನೋದು ಇಲ್ಲವೇ ಇಲ್ಲ ಅಂತ."

"ಅಂಗಂದ್ರೆ?"

ಡಿಕ್ಷನರಿಯ ಮೇಲಿಟ್ಟ ಹೆಡ್ಮಾಸ್ಟರ ಬೆರಳು ನೆನಪಾಯಿತು. ಅವರ ವಿವೇಚನೆಯ ಅರ್ಥ ಅವರಿಗೇ ಇರಲಿ ಎಂದುಕೊಂಡೆ.

"ಭೇದಭಾವ ಇಲ್ಲ ಅಂತ ಕಣವ್ವ."

"ಒಳ್ಳೇ ಮಾತೇ ಬರ್ದವ್ರಲ್ಲೋ" ಎಂದಳು ಅವ್ವ. "ಮತ್ಯಾಕ್ಲಾ ತೆಗುದ್ರು?"